ಮಸೂದೆಯನ್ನು ತಮಟೆಯಲ್ಲಿ ಸಾರಿಸಿದ್ದು

ನಾನು ಮದ್ದೂರಿನ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಬಂದಾಗ ಮಂಡ್ಯ ಪ್ರತ್ಯೇಕ ಜಿಲ್ಲೆಯಾಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಯುದ್ಧ ನಡೆಯುತ್ತಿತ್ತು, ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಮೈಸೂರಿನ ಕಾಲೇಜಿನಲ್ಲಿ ಓದಿ, ಸಮಾನತೆಯ ಮಾತುಗಳನ್ನು ತಲೆತುಂಬ ತುಂಬಿಕೊಂಡು ಬಂದ ನನಗೆ ಕಂಡದ್ದೆಲ್ಲವೂ ಅನ್ಯಾಯವಾಗಿಯೇ ಕಾಣುತ್ತಿತ್ತು. ಈಗ ಯೋಚಿಸಿದರೂ, ಕಂಡದ್ದರಲ್ಲಿ ಹೆಚ್ಚಿನದು ಅನ್ಯಾಯವೇ ಆಗಿತ್ತು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನು ಮಳವಳ್ಳಿ ದಾರಿಯ ಒಂದು ಹಳ್ಳಿಗೆ ಹೋಗಿ, ಅಲ್ಲಿನ ಹೊರಕೇರಿಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದೆ. ಭಾನುವಾರ ಸಂಜೆಯ ಬಸ್ಸಿಗೆ ಹಿಂದಿರುಗುತ್ತಿದ್ದೆ. ಆ ಕೇರಿಯ ಮೊದಲ ಗುಡಿಸಲು ಊರ ತೋಟಿಯದು. ತೋಟಿ ಎಂದರೆ ಸರ್ಕಾರದ ಎಲ್ಲರಿಗಿಂತ ಕೆಳಗಿನ ನೌಕರ. ಕಂದಾಯದ ಸಮಯದಲ್ಲಿ ರೈತರನ್ನು ಚಾವಡಿಗೆ ಕರೆತರುವುದು, ಗಡಿಕಲ್ಲು ಕಾಯುವುದು, ತಮಟೆ ಬಾರಿಸಿ ಸರ್ಕಾರದ ಅಪ್ಪಣೆಯನ್ನು ಸಾರುವುದು ಅವನ ಕೆಲಸ. ಅದಕ್ಕೆ ಪ್ರತಿಯಾಗಿ ಸರ್ಕಾರ ಅವನ ತಾತನ ಕಾಲದಲ್ಲಿ ಒಂದು ತುಂಡು ಇನಾಮು ಹೊಲ ಕೊಟ್ಟಿತ್ತು. ಸುಗ್ಗಿಯಲ್ಲಿ ರೈತರು ಕಣದಲ್ಲೇ ಒಂದೊಂದು ಮೊರ ರಾಗಿ ಅಳೆದು ಕೊಡುತ್ತಿದ್ದರು. ಇಷ್ಟೇ ಆಗಿದ್ದರೆ ನಾನು ಅದನ್ನು ಉದ್ಯೋಗವೆಂದು ಕರೆಯುತ್ತಿದ್ದೆ. ಆದರೆ ಬರೆದಿಟ್ಟ ಕೆಲಸಗಳ ಬೆನ್ನಿಗೆ ಬರೆದಿಡದ ಕೆಲಸಗಳು ನೂರು ಅಂಟಿಕೊಂಡಿದ್ದವು. ದೊಡ್ಡ ಮನೆಗಳ ಮದುವೆಗೆ ಸೌದೆ ಒಡೆಯುವುದು, ಬಂದ ಅಧಿಕಾರಿಯ ಹಾಸಿಗೆಪೆಟ್ಟಿಗೆ ಹೊರುವುದು, ಸತ್ತ ದನ ಎಳೆಯುವುದು ಎಲ್ಲವೂ ಬಿಟ್ಟಿ. ಈ ಎಲ್ಲಕ್ಕಿಂತ ಕಠಿಣವಾದದ್ದು ಸಾವಿನ ಸುದ್ದಿ ಒಯ್ಯುವುದು.

ಊರಿನಲ್ಲಿ ಯಾರೇ ಸತ್ತರೂ ನೆಂಟರಿರುವ ಊರುಗಳಿಗೆಲ್ಲ ಅವನು ಅಂದೇ ನಡೆದು ಹೋಗಿ ತಿಳಿಸಬೇಕು. ಬೆಸಗರಹಳ್ಳಿಯ ಕಡೆ ಒಂದು ಮನೆ, ಮಳವಳ್ಳಿ ದಾಟಿ ಇನ್ನೊಂದು, ಜಲಪಾತದ ಬಳಿ ಕರೆಂಟು ತಯಾರಿಸುವ ಬ್ಲಫಿನಲ್ಲಿ ಕೆಲಸಕ್ಕಿರುವ ಅಳಿಯನದು ಮತ್ತೊಂದು. ಸುದ್ದಿ ಕೇಳಿದ ಮನೆಯವರು ತಲೆಗೆ ನೀರು ಸುರಿದುಕೊಳ್ಳುವರು. ಹೇಳಿದವನಿಗೆ ಕುಡಿಯಲು ನೀರು ಕೊಡಲು ಅವರಿಗೆ ನೆನಪಿರುತ್ತಿರಲಿಲ್ಲ. ಸತ್ತ ಮನೆಯವರೇ ಆ ಸುದ್ದಿ ಒಯ್ದರೆ ಹಿಂದೆಯೇ ಇನ್ನೊಂದು ಸಾವು ಬರುತ್ತದೆಂಬ ನಂಬಿಕೆ ಊರಿನಲ್ಲಿ ಗಟ್ಟಿಯಾಗಿತ್ತು. ಹಾಗಾಗಿ ಆ ಅಶುಭವೂ ಅವನ ತಲೆಗೇ.

ಐವತ್ತರ ಹತ್ತಿರದ, ಸಣಕಲು ಮೈಯ, ಉದ್ದ ಕಾಲಿನ ಮನುಷ್ಯ. ಅಕ್ಷರಗಳ ಬಗ್ಗೆ ಅವನಿಗೆ ಅಂಥ ಆಸಕ್ತಿಯೇನೂ ಇರಲಿಲ್ಲ. ಆದರೆ ತರಗತಿಯ ಹಿಂದೆ ಗೋಡೆಗೊರಗಿ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ಒಂದು ದಿನ ಮದ್ದೂರಿನ ವಾಚನಾಲಯದಲ್ಲಿ ಸರ್ಕಾರಿ ಗೆಜೆಟ್ಟನ್ನು ತಿರುವುತ್ತಿದ್ದಾಗ ಒಂದು ಮಸೂದೆ ಕಣ್ಣಿಗೆ ಬಿತ್ತು. ಹಳ್ಳಿಯ ನೌಕರರಿಂದ ಯಾರೂ ಕೂಲಿ ಕೊಡದೆ ಸ್ವಂತ ಕೆಲಸ ಮಾಡಿಸಿಕೊಳ್ಳತಕ್ಕದ್ದಲ್ಲ ಎಂಬುದು ಅದರ ಸಾರ. ಯಾವ ಯಾವ ಕೆಲಸ ಎಂಬ ಪಟ್ಟಿಯಲ್ಲಿ ಸಾವಿನ ಸುದ್ದಿಯೂ ಇತ್ತು. ಸಾರ್ವಜನಿಕರು ತಮ್ಮ ಅಭಿಪ್ರಾಯವನ್ನು ಬರೆದು ಕಳುಹಿಸಬಹುದು ಎಂದು ಕೊನೆಗೆ ಅಚ್ಚಾಗಿತ್ತು. ಆ ಪುಟವನ್ನು ಕೈಯಲ್ಲಿ ನಕಲು ಮಾಡಿಕೊಂಡು ಮುಂದಿನ ಶನಿವಾರ ಹಳ್ಳಿಗೆ ಹೋದೆ. ಭಾನುವಾರ ಎಲ್ಲರೂ ಚಾವಡಿಯ ಮುಂದೆ ಸೇರಿ ಅಭಿಪ್ರಾಯಕ್ಕೆ ಹೆಬ್ಬೆಟ್ಟು ಒತ್ತಬೇಕೆಂಬುದು ನನ್ನ ಆಲೋಚನೆ. ಜನ ಸೇರಿಸಲು ತೋಟಿಗೆ ಹೇಳಿದೆ.

"ಏನಂತ ಸಾರ್‍ಲಿ ಮೇಷ್ಟ್ರವ್ವ?" ಎಂದ.

ಮಸೂದೆಯ ಸಾರವನ್ನು ಎರಡು ಸಲ ಓದಿ ಹೇಳಿದೆ. ಅವನು ತಮಟೆಯನ್ನು ಬೆಂಕಿಗೆ ಕಾಯಿಸಿಕೊಂಡು ಹೊರಟ. ಊರ ಮೂರು ಬೀದಿಗಳಲ್ಲಿ, ತನ್ನ ಜೀವನದಲ್ಲಿ ಹಿಂದೆಂದೂ ಸಾರದಷ್ಟು ಗಟ್ಟಿಯಾದ ದನಿಯಲ್ಲಿ, ಇನ್ನು ಮೇಲೆ ಬಿಟ್ಟಿ ಇಲ್ಲ ಎಂದು ಸಾರಿದ. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ನೆನೆದಾಗ ಈಗಲೂ ನನಗೆ ನಾಚಿಕೆಯಾಗುತ್ತದೆ.

ಕಂದಾಯ ಕಟ್ಟಿ ಎಂದು ತಮಟೆ ಸಾರಿದರೆ ಅಂದಿನಿಂದಲೇ ಕಟ್ಟಬೇಕು. ಕೆರೆಯ ತೂಬು ಮುಚ್ಚಿದೆ ಎಂದರೆ ಮುಚ್ಚಿದೆ. ಸಿಡುಬಿನ ಚುಚ್ಚುಮದ್ದಿಗೆ ಬನ್ನಿ ಎಂದರೆ ಆಗಲೇ ಡಾಕ್ಟರು ಚಾವಡಿಯಲ್ಲಿ ಕುಳಿತಿರುತ್ತಾರೆ. ಇನ್ನೂ ಆಲೋಚನೆಯಲ್ಲಿರುವ, ಆಗಲೂಬಹುದು ಆಗದಿರಲೂಬಹುದು ಎಂಬ ಸಂಗತಿಗೆ ಆ ಊರಿನಲ್ಲಿ ತಮಟೆ ಎಂದೂ ಬಡಿದಿರಲಿಲ್ಲ. ಅಂಥದ್ದಕ್ಕೆ ತಮಟೆ ಹೊಡೆಸಿದ ಮೊದಲ ಮೂರ್ಖಳು ನಾನು. ಭಾನುವಾರ ಹೊರಕೇರಿಯವರು ಬಂದು ಹೆಬ್ಬೆಟ್ಟು ಒತ್ತಿದರು. ಊರೊಳಗಿನವರು ಒಬ್ಬರೂ ಬರಲಿಲ್ಲ. ನಾನು ಅಭಿಪ್ರಾಯವನ್ನು ಲಕೋಟೆಗೆ ಹಾಕಿ ಅಂಚೆಗೆ ಕೊಟ್ಟೆ.

ಆ ವಾರದಲ್ಲೇ ಪಟೇಲರ ತಾಯಿ ತೀರಿಕೊಂಡರು. ಮುಂದೆ ನಡೆದದ್ದನ್ನು ಕಂಡವರು ನನಗೆ ಹೇಳಿದ್ದಾರೆ. ಬೆಳಗಿನ ಹೊತ್ತು ಪಟೇಲರು ತೋಟಿಯನ್ನು ಕರೆಸಿ, ಬ್ಲಫಿನಲ್ಲಿರುವ ತಂಗಿಯಿಂದ ಹಿಡಿದು ನೆಂಟರ ಊರುಗಳನ್ನೆಲ್ಲ ಹೇಳಿದರು. ಅವನು ತಲೆಯ ಮೇಲಿನ ಬಟ್ಟೆ ತೆಗೆದು ಕಂಕುಳಲ್ಲಿಟ್ಟುಕೊಂಡು ನಿಂತ.

"ಓಯ್ತೀನಿ ಬುದ್ದಿ. ನಡಿಯೋ ಕೂಲಿ ಏನ್ ಕೊಡ್ತೀರಿ?"

"ಏನಂದ್ಲಾ?"

"ಕೂಲಿ ಬುದ್ದಿ. ಮೊನ್ನೆ ನಾನೇ ಸಾರುದ್ನಲ್ಲ. ಸರ್ಕಾರ್ದ ಅಪ್ಣೆ ಆಗೈತೆ."

"ಎಣ ಇನ್ನೂ ನಡುಮನೇಲೈತೆ ಕಣ್ಲಾ, ಎಣ! ಎತ್ತವ್ವನ ಎಣ ಮುಂದಿಟ್ಕಂಡು ನಿನ್ ತಾವ ಕೂಲಿ ಮಾತಾಡ್ಲಾ ನಾನು?"

"ನಿಮ್ಮವ್ವ ನನ್ಗೂ ಅವ್ವನೇ ಬುದ್ದಿ. ಕಾನೂನು ಬಂದೈತಲ್ಲ, ನಾನೇನ್ ಮಾಡ್ಲಿ?"

ತೋಟಿಯ ದಾಯಾದಿಯೊಬ್ಬ ಈ ಕೆಲಸ ಮಾಡಬಲ್ಲವನಿದ್ದ. ಆದರೆ ಆ ದಿನಗಳಲ್ಲಿ ಅವನು ಮಂಡ್ಯದ ಕಡೆ ಕಬ್ಬು ಕಡಿಯಲು ಹೋಗಿದ್ದ. ಪಟೇಲರ ಮನೆಯವರು ಹೊತ್ತು ಕಳೆದಂತೆ ತೋಟಿಯೇ ಬಗ್ಗುತ್ತಾನೆಂದು ಸಂಜೆಯವರೆಗೂ ಕಾದರು. ತೋಟಿ ತನ್ನ ಗುಡಿಸಲ ಮುಂದೆ ಕುಳಿತು, ಕೂಲಿ ಹೇಳಿಕಳುಹಿಸುತ್ತಾರೆಂದು ಕಾದ. ಇಬ್ಬರೂ ಬಗ್ಗಲಿಲ್ಲ. ಮರುದಿನ ಹೊತ್ತೇರಿದ ಮೇಲೆ ಮುದುಕಿಯನ್ನು ಮಣ್ಣು ಮಾಡಿದರು. ಬ್ಲಫಿನಲ್ಲಿದ್ದ ಮಗಳಿಗೆ ವಿಷಯ ತಿಳಿದದ್ದು ಮಳವಳ್ಳಿಯ ಸಂತೆಗೆ ಹೋಗಿದ್ದಾಗ, ಯಾರೋ ಸೊಪ್ಪು ಮಾರುವವಳ ಬಾಯಿಂದ. ಆಕೆ ಸಂತೆಯಲ್ಲೇ ಕುಸಿದು ಕುಳಿತಳಂತೆ.

ಬಿಟ್ಟಿ ತಪ್ಪು. ಮನುಷ್ಯನ ಕಾಲನ್ನು ಊರಿನ ಸ್ವತ್ತೆಂದು ತಿಳಿಯುವುದು ಪಾಪ. ಅದೆಲ್ಲ ನಿಜ. ಆದರೆ ತಾಯಿಯ ಮುಖವನ್ನು ಕೊನೆಯ ಸಲ ನೋಡದೇ ಹೋದ ಆ ಹೆಣ್ಣುಮಗಳ ನೋವು ಕೂಡ ನಿಜವೇ ಆಗಿತ್ತು. ಅದರಲ್ಲಿ ನನ್ನ ಪಾಲೂ ಇತ್ತು.

ಮುಂದಿನ ಶನಿವಾರ ನಾನು ಹೋಗುವ ಹೊತ್ತಿಗೆ ಊರು ತೀರ್ಮಾನ ಮಾಡಿ ಆಗಿತ್ತು. ಕಣದಲ್ಲಿ ಅವನಿಗೆ ರಾಗಿ ಅಳೆಯಬಾರದು. ಕರ್ತವ್ಯ ಮಾಡಲು ನಿರಾಕರಿಸಿದನೆಂದು ತಾಲ್ಲೂಕು ಕಚೇರಿಗೆ ಅರ್ಜಿ ಹೋಗಿತ್ತು. ಹುದ್ದೆಯನ್ನೂ ಅದರ ಜೊತೆಗಿದ್ದ ಇನಾಮು ಹೊಲವನ್ನೂ ಆ ದಾಯಾದಿಗೆ ಕೊಡಬೇಕೆಂಬುದು ಅರ್ಜಿಯ ಕೋರಿಕೆ. ಆ ಹೊಲವೊಂದು ಹೋದರೆ ಅವನ ಮನೆಗೆ ಬೇರೆ ಯಾವ ಆಧಾರವೂ ಇರಲಿಲ್ಲ.

ನಾನು ಅವನ ಗುಡಿಸಲ ಮುಂದೆ ಕುಳಿತು, ಗೆಜೆಟ್ಟಿನಲ್ಲಿ ಬಂದದ್ದು ಮಸೂದೆ ಮಾತ್ರ, ಇನ್ನೂ ಕಾನೂನಾಗಿಲ್ಲ ಎಂದು ಹೇಳಿದೆ. ಅವನು ಸಿಟ್ಟು ಮಾಡಲಿಲ್ಲ.

"ಅಂಗಾದ್ರೆ ಈಗ ಎಲ್ಲಿಗಂಟ ಬಂದೈತೆ ಅದು?" ಎಂದ, ದೂರದ ಊರಿನಿಂದ ನಡೆದು ಬರುತ್ತಿರುವ ಒಬ್ಬನನ್ನು ವಿಚಾರಿಸುವಂತೆ.

ನಾನು ವಿವರಿಸಿದೆ. ಮೈಸೂರು ಸಂಸ್ಥಾನದಲ್ಲಿ ಆಗ ಎರಡು ಸಭೆಗಳಿದ್ದವು. ಜಿಲ್ಲೆಜಿಲ್ಲೆಗಳಿಂದ ಪ್ರತಿನಿಧಿಗಳು ಬಂದು ಸೇರುವ ದೊಡ್ಡ ಸಭೆ ದಸರೆಯಲ್ಲೊಮ್ಮೆ, ಮಹಾರಾಜರ ಹುಟ್ಟುಹಬ್ಬದಲ್ಲೊಮ್ಮೆ ನಡೆಯುತ್ತಿತ್ತು. ಮಸೂದೆಯ ತತ್ವ ಸರಿಯೇ ತಪ್ಪೇ ಎಂದು ಮೊದಲು ಅಲ್ಲಿ ಕೇಳುತ್ತಾರೆ. ಅಲ್ಲಿ ಒಪ್ಪಿಗೆಯಾದರೆ ಅದು ಚಿಕ್ಕ ಸಭೆಗೆ ಹೋಗುತ್ತದೆ. ಅಲ್ಲಿ ಕೆಲವರನ್ನು ಆರಿಸಿ ಸೆಲೆಕ್ಟ್ ಕಮಿಟಿ ಮಾಡಿ, ಬಂದ ಅಭಿಪ್ರಾಯಗಳನ್ನೆಲ್ಲ ಮುಂದಿಟ್ಟುಕೊಂಡು ತಿದ್ದುತ್ತಾರೆ. ತಿದ್ದಿದ್ದನ್ನು ಮತ್ತೆ ಸಭೆಯಲ್ಲಿ ಕಲಂ ಕಲಮಾಗಿ ಓದಿ ಮತ ಹಾಕುತ್ತಾರೆ. ಆಮೇಲೆ ಮಹಾರಾಜರ ಅಂಕಿತ. ಆಮೇಲೆ ಮತ್ತೆ ಗೆಜೆಟ್ಟು. ಇಂಥ ದಿನದಿಂದ ಜಾರಿ ಎಂದು ಅದರಲ್ಲಿ ಬಂದರೆ, ಆಗ ಕಾನೂನು.

"ಅಯ್ಯಯ್ಯೋ, ಇಷ್ಟೂರು ಸುತ್ತಬೇಕಾ?" ಎಂದು ಅವನು ನಕ್ಕ. "ನಾನಾಗಿದ್ರೆ ಒಂದೇ ದಿನ್ದಲ್ಲಿ ಮುಟ್ಟುಸ್ಬುಡ್ತಿದ್ದೆ."

ಅವನ ಹೆಂಡತಿ ನಗಲಿಲ್ಲ. ಒಲೆಯ ಮುಂದಿನಿಂದ ಎದ್ದು ಬಂದು ಕೇಳಿದಳು.

"ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ ಕಣವ್ವ. ಅವತ್ತು ಮೂರು ಬೀದೀಲೂ ನಿಮ್ಗೋಸ್ಕರ ತಮಟೆ ಬಡುದ್ನಲ್ಲ, ಅದ್ಕೇನ್ ಕೂಲಿ ಕೊಟ್ರಿ?"

ನಾನು ಏನೂ ಕೊಟ್ಟಿರಲಿಲ್ಲ. ಕೊಡಬೇಕೆಂದು ತೋಚಿರಲೂ ಇಲ್ಲ. ಬಿಟ್ಟಿಯನ್ನು ನಿಲ್ಲಿಸುವ ಮಸೂದೆಯನ್ನು ನಾನು ಬಿಟ್ಟಿಯಲ್ಲೇ ಸಾರಿಸಿದ್ದೆ.

"ಸುಮ್ಕಿರಮ್ಮಿ," ಎಂದು ಅವನು ಹೆಂಡತಿಯನ್ನು ಗದರಿದ. ಅವಳು ಸುಮ್ಮನಾದಳು. ಆದರೆ ಆ ಪ್ರಶ್ನೆ ಸುಮ್ಮನಾಗಲಿಲ್ಲ. ಅಲ್ಲಿಂದ ಮುಂದೆ ನಾನು ಯಾರ ಮುಂದೆ ಯಾವ ಅನ್ಯಾಯದ ಮಾತೆತ್ತಿದರೂ ಅವಳು ಒಲೆಯ ಹೊಗೆಯ ಹಿಂದಿನಿಂದ ನನ್ನನ್ನೇ ನೋಡುತ್ತಿರುವಳೇನೋ ಎನಿಸುತ್ತಿತ್ತು.

ನಮ್ಮ ತಾಲ್ಲೂಕಿನ ಪ್ರತಿನಿಧಿ ಮಂಡ್ಯದಲ್ಲಿ ವಕೀಲರಾಗಿದ್ದರು. ನಾನೂ ತೋಟಿಯೂ ಅವರ ಮನೆಗೆ ಹೋದೆವು. ದಾರಿಯಲ್ಲಿ ಹೋಟೆಲಿನವನು ಅವನಿಗೆ ಕಾಫಿಯನ್ನು ಹೊರಗಡೆ, ತೆಂಗಿನ ಚಿಪ್ಪಿನಲ್ಲಿ ಕೊಟ್ಟ. ನಾನು ಜಗಳಕ್ಕೆ ನಿಂತೆ. "ಕಾಪಿ ಆರೋಯ್ತದೆ ಬುಡಿ ಮೇಷ್ಟ್ರವ್ವ" ಎಂದು ಅವನೇ ನನ್ನನ್ನು ಸಮಾಧಾನ ಮಾಡಿದ. ವಕೀಲರು ಒಳ್ಳೆಯವರು. ಮಸೂದೆ ಇತ್ಯರ್ಥವಾಗುವವರೆಗೆ ಊರಿನವರ ಅರ್ಜಿಯ ವಿಚಾರಣೆಯನ್ನು ತಡೆಹಿಡಿಯಬೇಕೆಂದು ತಾಲ್ಲೂಕಿನ ಅಧಿಕಾರಿಯಾದ ಅಮಲ್ದಾರರಿಗೆ ಬರೆದರು. ಅಮಲ್ದಾರರು ಒಪ್ಪಿದರು; ಆದರೆ ಅಲ್ಲಿಯವರೆಗೆ ಹಂಗಾಮಿಯಾಗಿ ದಾಯಾದಿಯೇ ತೋಟಿಯ ಕೆಲಸ ನೋಡಿಕೊಳ್ಳಲಿ ಎಂದರು. ಹೊಲವನ್ನು ಉಳಲು ಮಾತ್ರ ಇವನಿಗೇ ಬಿಟ್ಟರು. ಹೀಗೆ ಒಬ್ಬ ಮನುಷ್ಯನ ಅನ್ನ ಮಸೂದೆಯೊಂದರ ನಡಿಗೆಗೆ ಗಂಟುಬಿದ್ದಿತು.

ದಸರೆಯಲ್ಲಿ ದೊಡ್ಡ ಸಭೆ ಸೇರಿತು. ವಕೀಲರು ಇಬ್ಬರಿಗೂ ಪಾಸು ಕೊಡಿಸಿದ್ದರು. ಮದ್ದೂರಿನಲ್ಲಿ ರೈಲು ಹತ್ತಿ ಮೈಸೂರಿಗೆ ಹೋದೆವು. ಸಭೆಯ ಬಾಗಿಲಲ್ಲಿ ಡವಾಲಿ ಹಾಕಿದ ಜವಾನ, ತಲೆಗೆ ರುಮಾಲಿಲ್ಲದ ಗಂಡಸರಿಗೆ ಪ್ರವೇಶವಿಲ್ಲವೆಂದ. ವಕೀಲರ ಗುಮಾಸ್ತರು ತಮ್ಮ ಹಳೆಯ ರುಮಾಲನ್ನು ತೋಟಿಯ ತಲೆಗೆ ಸುತ್ತಿದರು. ಸರಿಗೆಯ ಅಂಚು ಕಿವಿಯ ಮೇಲೆ ಇಳಿಬಿದ್ದು, ಅವನು ಯಾವುದೋ ಮದುವೆಗೆ ಬಂದ ನೆಂಟನಂತೆ ಗ್ಯಾಲರಿಯಲ್ಲಿ ಕುಳಿತ.

ಮಸೂದೆ ಬಂದಾಗ ಪರವಾಗಿ ಹಲವರು ಮಾತಾಡಿದರು. ನಂತರ ಒಬ್ಬ ಪ್ರತಿನಿಧಿ ಎದ್ದರು. ಅವರು ಕೆಟ್ಟವರಂತೆ ಕಾಣಲಿಲ್ಲ, ದನಿ ಮೆತ್ತಗಿತ್ತು. ಕೂಲಿ ಕೊಡಬೇಕೆಂಬುದು ಸರಿ, ಆದರೆ ಸಾವಿನ ಸುದ್ದಿಯನ್ನು ಇದರಲ್ಲಿ ಸೇರಿಸಿದರೆ ಏನಾಗುತ್ತದೆಂಬುದಕ್ಕೆ ಮಳವಳ್ಳಿ ದಾರಿಯ ಒಂದು ಊರನ್ನು ನೋಡಿ ಎಂದರು. ಹೆಣ ಕಾದದ್ದನ್ನು ಹೇಳಿದರು. ಸಂತೆಯಲ್ಲಿ ಕುಸಿದ ಮಗಳನ್ನು ಹೇಳಿದರು. ಮಸೂದೆ ಬರುವ ಮೊದಲೇ ಹೀಗಾದರೆ ಬಂದ ಮೇಲೆ ಹೇಗೆ ಎಂದು ಕೇಳಿ ಕುಳಿತರು. ಸಭೆಯಲ್ಲಿ ಗುಜುಗುಜು ಎದ್ದಿತು.

ತೋಟಿ ನನ್ನ ಕಡೆ ಬಾಗಿ ಪಿಸುಗುಟ್ಟಿದ. "ಇದು ನಮ್ಮೂರ್ ಇಸ್ಯನೇ ಅಲ್ವಾ?"

"ಹೌದು."

"ನಾನ್ ಇಲ್ಲೇ ಕುಂತಿವ್ನಿ ಅಂತ ಅವ್ರಿಗೆ ಗೊತ್ತಾ?"

"ಗೊತ್ತಿಲ್ಲ."

"ಅಂಗಾದ್ರೆ ನಾನೇ ಎದ್ದು ಯೋಳ್ಲಾ? ಪಟೇಲ್ರ ಮನೇಲಿ ಸೈಕಲ್ಲಿತ್ತು ಅಂತ?"

ಗ್ಯಾಲರಿಯಲ್ಲಿ ಕುಳಿತವರು ಮಾತಾಡುವಂತಿಲ್ಲವೆಂದು ನಾನು ಅವನ ತೋಳು ಹಿಡಿದು ಕೂರಿಸಿದೆ. ತನ್ನ ಅನ್ನದ ಪ್ರಶ್ನೆ ಚರ್ಚೆಯಾಗುವ ಸಭೆಯಲ್ಲಿ ಅವನೊಬ್ಬನಿಗೇ ಬಾಯಿರಲಿಲ್ಲ. ಆ ನಿಯಮವನ್ನು ಅವನಿಗೆ ಹೇಳಿ ಕೂರಿಸಿದವಳು ಅವನ ಪರವಾಗಿ ಬಂದಿದ್ದ ನಾನು.

ಮಸೂದೆಯ ತತ್ವಕ್ಕೆ ಒಪ್ಪಿಗೆ ದೊರೆಯಿತು. ಸಾವಿನ ಸುದ್ದಿಯ ವಿಷಯವನ್ನು ಚಿಕ್ಕ ಸಭೆ ಇನ್ನೊಮ್ಮೆ ಆಲೋಚಿಸಲಿ ಎಂಬ ಮಾತೂ ಜೊತೆಗೆ ಹೋಯಿತು.

ಅಲ್ಲಿಂದ ಮುಂದಿನದನ್ನು ನಾನು ಪತ್ರಿಕೆಗಳಲ್ಲಿ ಹಿಂಬಾಲಿಸಿದೆ. ಮಸೂದೆ ಚಿಕ್ಕ ಸಭೆಗೆ ಬರಲು ತಿಂಗಳುಗಳಾದವು. ಸೆಲೆಕ್ಟ್ ಕಮಿಟಿ ಕುಳಿತಿತು, ಮುಂದೂಡಿತು, ಮತ್ತೆ ಕುಳಿತಿತು. ಈ ನಡುವೆ ಎರಡು ಸುಗ್ಗಿ ಬಂದು ಹೋದವು. ಎರಡರಲ್ಲೂ ಅವನಿಗೆ ಯಾರ ಕಣದಲ್ಲೂ ರಾಗಿ ಅಳೆಯಲಿಲ್ಲ. ಆ ತುಂಡು ಹೊಲದ ಬೆಳೆ ಸಾಲದೆ ಗಂಡಹೆಂಡತಿ ಕಬ್ಬಿನ ಗದ್ದೆಗಳಲ್ಲಿ ಕೂಲಿ ಮಾಡಿದರು. ನಾನು ಹೋದಾಗಲೆಲ್ಲ ಅವನು ಕೇಳುವುದು ಒಂದೇ ಮಾತು: "ಈಗ ಎಲ್ಲೈತೆ?" ಕಮಿಟಿಯಲ್ಲಿದೆ ಎಂದರೆ, "ಕಾಲು ನೋವೇನೋ ಪಾಪ" ಎನ್ನುತ್ತಿದ್ದ.

ಕೊನೆಗೂ ಅಂಕಿತವಾಗಿ ಗೆಜೆಟ್ಟಿನಲ್ಲಿ ಕಾನೂನು ಬಂದಿತು. ವಾಚನಾಲಯದಲ್ಲಿ ನಿಂತೇ ಓದಿದೆ. ಸೌದೆ, ಹೊರೆ, ದನ ಎಲ್ಲಕ್ಕೂ ನಿಷೇಧವಿತ್ತು. ಕಡೆಯ ಕಲಮಿನಲ್ಲಿ ಹೊಸದಾಗಿ ಒಂದು ಮಾತು ಸೇರಿತ್ತು: ಬೆಂಕಿ, ಪ್ರವಾಹ, ಸಾವು ಈ ಸಂದರ್ಭಗಳಲ್ಲಿ ಸುದ್ದಿ ಮುಟ್ಟಿಸುವ ಸೇವೆಯನ್ನು ರೂಢಿಯಂತೆ ಪಡೆಯಬಹುದು. ಉಳಿದ ಎಲ್ಲ ಬಿಟ್ಟಿಯಿಂದ ಬಿಡುಗಡೆ ತಂದ ಕಾನೂನು, ಅವನು ಯಾವುದಕ್ಕಾಗಿ ಎರಡು ವರ್ಷ ಹಸಿದಿದ್ದನೋ ಅದೊಂದಕ್ಕೆ ಮಾತ್ರ ಬಾಗಿಲು ಮುಚ್ಚಿತ್ತು. ನಾನು ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತೆ.

ವಿಚಾರಣೆಗೆ ಕರೆ ಬಂದಿತು. ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರು ಮೇಜಿನ ಹಿಂದೆ, ಪಟೇಲರೂ ಅವರ ತಮ್ಮನೂ ಬೆಂಚಿನ ಮೇಲೆ, ತೋಟಿ ಜಗಲಿಯ ಕೆಳಗೆ. ಹೊಸ ಕಾನೂನನ್ನು ಓದಿದ ಅಮಲ್ದಾರರು, ಸಾವಿನ ಸುದ್ದಿಯ ಸೇವೆ ಉಳಿದಿರುವುದರಿಂದ ಇವನು ತಪ್ಪಿತಸ್ಥನೆಂದು ಕಾಣುತ್ತದೆ ಎಂದರು. ಆಗ ಬ್ಲಫಿನಿಂದ ಸಾಕ್ಷಿಗೆ ಕರೆಸಿದ್ದ ಪಟೇಲರ ತಂಗಿ ಸೆರಗು ಬಿಗಿಹಿಡಿದು ಮುಂದೆ ಬಂದಳು. ಅಣ್ಣಂದಿರು ಆಕೆಯನ್ನು ಕರೆತಂದದ್ದು ತೋಟಿಯ ವಿರುದ್ಧ ಹೇಳಲು.

"ಅವನು ಬರ್ನಿಲ್ಲ, ನಿಜ," ಎಂದಳು. "ನನ್ನವ್ವನ ಮೊಕ ನೋಡ್ನಿಲ್ಲ, ಅದೂ ನಿಜ. ಆದ್ರೆ ನಮ್ಮನೇಲಿ ಇಬ್ರು ಗಂಡುಮಕ್ಳಿದ್ರು. ಚಿಕ್ಕಣ್ಣಂಗೆ ಸೈಕಲ್ಲಿತ್ತು. ರೋಡ್ನಲ್ಲಿ ಬಸ್ ಓಡ್ತಿತ್ತು. ಇವನ ಕಾಲೇ ಬೇಕು ಅಂತ ಒಂದ್ ದಿನ ಪೂರ್ತಿ ಕುಂತವ್ರು ಯಾರು? ಅದನ್ನೂ ಬರ್ಕಳಿ ಬುದ್ದಿ."

"ಸೂತಕದ್ ಮನೆಯೋರು ಓಗಬಾರ್ದು ಕಣವ್ವ, ನಿಂಗೊತ್ತಿಲ್ವಾ?" ಎಂದರು ಪಟೇಲರು.

"ಗೊತ್ತು ಕಣಣ್ಣ. ಅಂಗಂತ ನನ್ನನ್ನ ಸಂತೇಲಿ ಅಳ್ಸಬೌದಾ?"

ಪಟೇಲರು ತಲೆ ತಗ್ಗಿಸಿದರು. ಅವರ ಮುಖ ನೋಡಿ ನನಗೆ ಮೊದಲ ಸಲ ಅವರ ಮೇಲೂ ಕನಿಕರವಾಯಿತು. ಭಯಕ್ಕೆ ಕಟ್ಟುಬಿದ್ದ ಮನುಷ್ಯ.

ಅಮಲ್ದಾರರು ತೋಟಿಯನ್ನು ಕೇಳಿದರು. "ಇನ್ನು ಮೇಲೆ ಸಾವಿನ ಸುದ್ದಿಗೆ ಹೋಗುತ್ತೇನೆಂದು ಒಪ್ಪಿ ಹೆಬ್ಬೆಟ್ಟು ಹಾಕುತ್ತೀಯೇನು? ಹಾಕಿದರೆ ಹುದ್ದೆಯೂ ಹೊಲವೂ ನಿನ್ನದೇ."

ಹಾಕಬೇಡ ಎಂದು ಕೂಗಬೇಕೆನಿಸಿತು ನನಗೆ. ಆದರೆ ಹೊಲ ನನ್ನದಾಗಿರಲಿಲ್ಲ.

"ಆ ಕಲಮ್ನ ಇನ್ನೊಂದ್ಸಲ ಓದಿ ಬುದ್ದಿ," ಎಂದ ಅವನು.

ಅಮಲ್ದಾರರು ಓದಿದರು.

"ಕೂಲಿ ಕೊಡಬಾರ್ದು ಅಂತ ಅದ್ರಲ್ಲಿ ಬರ್ದೈತಾ?"

ಅಮಲ್ದಾರರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದರು. ಪುಟ ತಿರುವಿ ಹಿಂದೆಯೂ ನೋಡಿದರು. "ಇಲ್ಲ. ಆದರೆ ರೂಢಿಯಂತೆ ಎಂದಿದೆ."

"ಸುದ್ದಿ ಮುಟ್ಸೋದು ರೂಡಿ, ಒಪ್ಕಂತೀನಿ. ಒಟ್ಟೆ ಅಸ್ಕಂಡು ಮುಟ್ಸು ಅನ್ನೋದೂ ರೂಡಿನಾ ಬುದ್ದಿ? ಅದನ್ನ ಆ ಸಭೇಲಿ ಯಾರೂ ಯೋಳ್ನಿಲ್ಲ. ನಾನು ರುಮಾಲ್ ಕಟ್ಕಂಡು ಅಲ್ಲೇ ಕುಂತಿದ್ದೆ."

ಗುಮಾಸ್ತ ಮುಖ ತಿರುಗಿಸಿ ನಕ್ಕ. ಅಮಲ್ದಾರರೂ ನಗು ತಡೆದುಕೊಂಡರು. ನಾನು ಹತ್ತಾರು ಸಲ ಓದಿ ಅತ್ತಿದ್ದ ಕಲಮಿನಲ್ಲಿ ಇಂಥದೊಂದು ಸಂದು ಇರುವುದು ನನಗೆ ಕಂಡಿರಲಿಲ್ಲ, ವಕೀಲರಿಗೂ ಕಂಡಿರಲಿಲ್ಲ. ಅಮಲ್ದಾರರು ಪಟೇಲರ ಕಡೆ ನೋಡಿದರು. ಪಟೇಲರು ತಂಗಿಯ ಕಡೆ ನೋಡಿ, "ಬರ್ಕಳಿ ಸ್ವಾಮಿ" ಎಂದರು. ಸಾವಾದ ಮನೆಯವರು ಊರೂರಿಗೆ ಇಷ್ಟೆಂದು ನಡಿಗೆಯ ಕೂಲಿ ಕೊಡತಕ್ಕದ್ದು, ತೋಟಿ ಸುದ್ದಿ ಮುಟ್ಟಿಸತಕ್ಕದ್ದು ಎಂದು ಆದೇಶವಾಯಿತು. ಅವನು ಜಗಲಿಯ ಕೆಳಗಿನಿಂದಲೇ ಕೈಚಾಚಿ ಹೆಬ್ಬೆಟ್ಟು ಒತ್ತಿದ.

ಆದರೂ ನನ್ನ ಮನಸ್ಸು ತಣಿಯಲಿಲ್ಲ. ಆ ಆದೇಶ ನಮ್ಮ ಒಂದು ಊರಿಗೆ. ಆ ಕಲಂ ಇಡೀ ಸಂಸ್ಥಾನಕ್ಕೆ. ಬೇರೆ ಊರುಗಳಲ್ಲಿ ಅದೇ ಕಲಮನ್ನು ತೋರಿಸಿ ಎಷ್ಟು ಜನರನ್ನು ಬರಿಹೊಟ್ಟೆಯಲ್ಲಿ ನಡೆಸುತ್ತಾರೋ ಎಂದು ಸಂಕಟವಾಗುತ್ತಿತ್ತು. ಆ ಮಾತನ್ನು ಕಾನೂನಿನಿಂದ ತೆಗೆಯಬೇಕೆಂದು ಸರ್ಕಾರಕ್ಕೊಂದು ಮನವಿ ಬರೆದು, ಹೆಬ್ಬೆಟ್ಟಿಗಾಗಿ ಅವನ ಬಳಿ ಹೋದೆ. ಅವನೂ ಹೆಂಡತಿಯೂ ಇನಾಮು ಹೊಲದಲ್ಲಿ ರಾಗಿ ಕುಯ್ಯುತ್ತಿದ್ದರು. ಮನವಿಯನ್ನು ಓದಿ ಹೇಳಿದೆ. ಅವನು ಕುಡುಗೋಲು ಹಿಡಿದೇ ಪೂರ್ತಿ ಕೇಳಿಸಿಕೊಂಡ.

"ಸರಿಯಾಗೈತೆ ಕಣವ್ವ. ಕಳ್ಸಿ. ನನ್ ಎಬ್ಬೆಟ್ಟು ಮಾತ್ರ ಬ್ಯಾಡ. ಅದೂ ಅಷ್ಟೂರು ಸುತ್ಕಂಡು ಬರೋ ಒತ್ತಿಗೆ ನಾನ್ ಇರ್ತೀನೋ ಇಲ್ವೋ. ಇನ್ನೆರಡು ಸುಗ್ಗಿ ಕಳ್ಕಳ್ಳಾಕೆ ನನ್ ಕೈಲಾಗಲ್ಲ."

ಅವನ ಹೆಂಡತಿ ಬೆನ್ನು ನೆಟ್ಟಗೆ ಮಾಡಿ, ಸೆರಗಿನಿಂದ ಮುಖ ಒರೆಸಿಕೊಂಡು ನನ್ನತ್ತ ನೋಡಿದಳು. "ನಿಮ್ಗೆ ಅಕ್ಸರ ಐತೆ, ಸಂಬ್ಳ ಐತೆ. ನೀವ್ ಬರುದ್ರೆ ಯಾರೂ ನಿಮ್ ಅನ್ನ ಕಿತ್ಕಳಲ್ಲ. ನಿಮ್ ಎಸ್ರಲ್ಲೇ ಬರೀರಿ."

ಅವಳ ಮಾತಿನಲ್ಲಿ ಮುನಿಸಿರಲಿಲ್ಲ. ನಾನು ಬದುವಿನ ಮೇಲೆ ಕುಳಿತು, ಕೊನೆಯಲ್ಲಿ ಹೆಬ್ಬೆಟ್ಟುಗಳಿಗೆಂದು ಬಿಟ್ಟಿದ್ದ ಜಾಗದಲ್ಲಿ ನನ್ನ ಒಬ್ಬಳ ಹೆಸರನ್ನು ಬರೆದೆ.